ತಂದೀತು

ಎಂಟು ದಿನ. ಲಿಯೋನಿನಲ್ಲಿ ಒಂದು ಐದನೆಯ ಮಹಡಿ.
ಕಿಟಕಿಯಾಚೆ ರೋನ್ ನದಿ
ತನಗೇನೂ ಸಂಬಂಧವಿಲ್ಲವೆಂಬಂತೆ ಹರಿಯುತ್ತಿದೆ.
ಇಪ್ಪತ್ತೆರಡು ಮಂದಿ, ಉದ್ದನೆಯ ಮೇಜು,
ಮೇಜಿನ ಮೇಲೊಂದು ಒಗಟು:
ನೀರಿನಂತಿದೆ, ನೀರಲ್ಲ;
ನೀರು ಸೋಕಿಸದೆ ಕೊಳೆ ತೆಗೆಯುತ್ತದೆ;
ತೊಳೆದವಳ ಒಳಗೆ ಹೋಗಿ ಏನು ಮಾಡುತ್ತದೆ?

ಇಲಿಗಳು ಮೊದಲ ದಿನವೇ ಸಾಕ್ಷಿ ನುಡಿದು ಮುಗಿಸಿದವು.
ದಿನಕ್ಕೆ ಆರು ಗಂಟೆ, ವಾರಕ್ಕೆ ಐದು ದಿನ,
ಎರಡು ವರ್ಷ ಆ ಗಾಳಿ ಕುಡಿದು
ಯಕೃತ್ತಿನಲ್ಲಿ ಗಂಟು ಕಟ್ಟಿಕೊಂಡಿದ್ದವು.
ಶನಿವಾರ ಭಾನುವಾರ ಅವಕ್ಕೆ ರಜೆ.
ಟಾರ್ಮೋಡ್ ಚಿತ್ರ ಸರಿಸುತ್ತ 'ಸಾಕಷ್ಟಿದೆ' ಎಂದ.
ಯಾರೂ ತಕರಾರು ತೆಗೆಯಲಿಲ್ಲ.
ಇಲಿಯ ಕಿವಿಗೆ ಹಾಕಿದ ಕಚ್ಚು
ಸಾಯುವವರೆಗೂ ಅದೇ ಕಚ್ಚು.

ಮನುಷ್ಯರು ನನ್ನ ಪಾಲಿಗೆ ಬಂದರು.
ಉತ್ತರದ ಒಂದು ಬಂದರು ಪಟ್ಟಣ,
ಅಲ್ಲಿನ ಲಾಂಡ್ರಿ ಸಂಘದ ಚಂದಾ ಪುಸ್ತಕ,
ಎರಡು ಸಾವಿರದ ನೂರ ಹನ್ನೊಂದು ಹೆಸರು.
ಸತ್ತವರು ಗೆರೆಯ ಮೇಲೆ,
ಸಾಯಬೇಕಿದ್ದವರು ಗೆರೆಯ ಕೆಳಗೆ
(ಹೌದು, ಅದಕ್ಕೂ ಒಂದು ಕೋಷ್ಟಕವಿದೆ),
ಭಾಗಿಸಿದರೆ ಒಂದಕ್ಕಿಂತ ತುಸು ಹೆಚ್ಚು.
ತುಸು ಎಂದರೆ?
ಸಿಗರೇಟು ಸೇದುತ್ತಿದ್ದರೇ, ಕುಡಿಯುತ್ತಿದ್ದರೇ?
ಸಂಘದವರು ಕೇಳಿದ್ದು ಚಂದಾ ಮಾತ್ರ.

ಮತ್ತೆ ಆ ಮುನ್ನೂರ ಆರು ಮಂದಿ.
ಗುನ್‌ವೋರ್ ಎಕೆಲುಂಡ್:
ಯಂತ್ರದ ಬಾಗಿಲು ತೆಗೆದು ಬಿಸಿ ಬಟ್ಟೆ ಹೊರಗೆಳೆಯುವ ಕೆಲಸ,
ಅರವತ್ತೊಂದರ ಮೇ ತನಕ ಚಂದಾ ಸಂದಿದೆ.
ಆಮೇಲೆ ಮರಣ ನೋಂದಣಿಯಲ್ಲಿ ಆ ಹೆಸರಿಲ್ಲ,
ಪಿಂಚಣಿ ಪಟ್ಟಿಯಲ್ಲೂ ಇಲ್ಲ.
ಸತ್ತಿಲ್ಲ, ಬದುಕಿಲ್ಲ,
ಮದುವೆಯಾಗಿದ್ದಾಳೆ, ಅಷ್ಟೆ.
ಹೊಸ ಹೆಸರಿನಲ್ಲಿ ಎಲ್ಲೋ ಹಾಸಿಗೆ ಹಿಡಿದಳೋ,
ಸ್ವೆಟರು ಹೆಣೆಯುತ್ತ ತೊಂಬತ್ತು ದಾಟಿದಳೋ,
ನಮ್ಮ ಪುಸ್ತಕಕ್ಕೆ ಗೊತ್ತಿಲ್ಲ.
ಅಂಥವರನ್ನು 'ಕೈತಪ್ಪಿದವರು' ಎಂದು ಬರೆದು
ಲೆಕ್ಕದಿಂದ ಕಳೆಯುತ್ತೇವೆ.

ಐದನೆಯ ಸಂಜೆ ನನ್ನ ಕೋಟಿನ ಮೇಲೆ ಸಾಸಿವೆ ಗೊಜ್ಜು ಚೆಲ್ಲಿತು.
ಮೂಲೆಯಂಗಡಿಯಲ್ಲಿ ಅಡೆಲಿನೊ,
ಪೋರ್ಚುಗಲ್ಲಿನಿಂದ ಬಂದು ನೆಲೆಯೂರಿದವನು.
ಒಳಗೆ ಆ ಸಿಹಿ ವಾಸನೆ.
ಅದರ ಬಗ್ಗೆ ನಾಲ್ಕು ಸಾವಿರ ಪುಟ ಓದಿದ್ದೆ,
ಮೂಸಿರಲಿಲ್ಲ.
ಕೊರಳ ಚೀಟಿ ನೋಡಿ ಕೇಳಿದ:
'ಏನಾದರೂ ಗೊತ್ತಾಯಿತೇ?'
ತೀರ್ಪು ಹೊರಬೀಳುವವರೆಗೆ ಬಾಯಿ ಬಿಡೆನೆಂದು
ರುಜು ಹಾಕಿದ್ದೆ.
'ಇನ್ನೂ ಓದುತ್ತಿದ್ದೇವೆ' ಎಂದೆ.
'ಮೂವತ್ತೊಂದು ವರ್ಷದಿಂದ ಉಸಿರಾಡುತ್ತಿದ್ದೇನೆ,' ನಕ್ಕ,
'ನೀವು ನಿಧಾನಕ್ಕೆ ಓದಿ.'
ಹೆಸರು ಕೇಳಲಿಲ್ಲ. ಗುಲಾಬಿ ಚೀಟಿ ಹರಿದು ಕೊಟ್ಟ,
ನಂಬರು ನಲವತ್ತೇಳು.

ಕೊನೆಯ ದಿನದ ಜಗಳವೆಲ್ಲ ಕ್ರಿಯಾಪದದ ಬಾಲಕ್ಕೆ.
ತರುತ್ತದೆಯೋ,
ತಂದೀತೋ,
ತರಲೂಬಹುದೋ,
ಹೇಳಲು ಬಾರದೋ.
'ಸಂಖ್ಯೆ ಸಣ್ಣದು,' ಡೊರೊಟೆಯಾ ಎಂದಳು,
'ಅನುಮಾನದ ಲಾಭ ಕೊಡಬೇಕು.'
ಯಾರಿಗೆ, ಎಂದೆ. ದ್ರವಕ್ಕೋ?
ಕೋಣೆ ಸುಮ್ಮನಾಯಿತು,
ಕಾಫಿ ಯಂತ್ರವೊಂದು ಗುರುಗುಟ್ಟಿತು.
ಅವಳ ಮಾತಿನಲ್ಲಿ ತಪ್ಪಿರಲಿಲ್ಲ ನಿಜವಾಗಿ.
ಗೊತ್ತಿಲ್ಲದ್ದನ್ನು ಗೊತ್ತೆನ್ನಲು ನಾವಲ್ಲಿ ಕೂತಿರಲಿಲ್ಲ.
ಆದರೆ ನಮ್ಮ ಅನುಮಾನ,
ಅದರಲ್ಲಿ ಅರ್ಧ ಆ ದ್ರವದ್ದು,
ಇನ್ನರ್ಧ
ಯಾರೋ ಗುಮಾಸ್ತ ಹೊಡೆದುಹಾಕಿದ
ಮುನ್ನೂರ ಆರು ತವರಿನ ಹೆಸರು.

ಹದಿಮೂರು ಕೈ ಮೇಲೆದ್ದವು:
ತಂದೀತು.

ಸಣ್ಣ ಪದ. ಪತ್ರಿಕೆಯವರಿಗೆ ಸಪ್ಪೆ,
ಕಂಪನಿಯ ವಕೀಲರಿಗೆ ಸಂದು.
ಆದರೆ ಕೂಸು ಮೆಟ್ಟಿಲ ತುದಿಗೆ ಓಡುವಾಗ
ಯಾವ ತಾಯಿಯೂ
ಬೀಳಲೂಬಹುದು ಎಂದು ಕೂತು ಕೋಷ್ಟಕ ತೆಗೆಯುವುದಿಲ್ಲ.
ಬಿದ್ದೀಯ! ಎನ್ನುತ್ತಾಳೆ,
ಎನ್ನುವಷ್ಟರಲ್ಲಿ ಕೈ ಚಾಚಿರುತ್ತದೆ.

ಮರುದಿನ ರೈಲಿಗೆ ಮೊದಲು ಕೋಟು ತರಲು ಹೋದೆ.
ಭಾನುವಾರ, ಬಾಗಿಲು ಹಾಕಿತ್ತು.
ಅಡೆಲಿನೊಗೂ ರಜೆಯಿದೆ, ವಾರಕ್ಕೊಂದು;
ಇಲಿಗಳಿಗಿಂತ ಒಂದು ಕಡಿಮೆ.